ಓದುಗರ ಪ್ರಶ್ನೆ: 41 ದಿನ ಬಿಟ್ಟವರಿಗೆ 42ನೇ ದಿನ ಏಕೆ ಆಗುವುದಿಲ್ಲ?

ಚಟದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಬರೆದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಯಾರ ಹೆಸರನ್ನೂ ಹಾಕಿಲ್ಲ, ಊರಷ್ಟೇ ಹಾಕಿದ್ದೇನೆ. ಕುಡಿತ, ಗುಟ್ಕಾ, ಮೊಬೈಲ್ ಜೂಜು ಹೀಗೆ ವಿಷಯ ಬೇರೆ ಬೇರೆ ಇದ್ದರೂ ಎಲ್ಲರೂ ಸುತ್ತಿ ಬಳಸಿ ಕೇಳಿದ್ದು ಒಂದೇ ಮಾತು: ಕೆಟ್ಟದ್ದು ಅಂತ ಅವರಿಗೇ ಗೊತ್ತಿದೆ, ಆದರೂ ಏಕೆ ಬಿಡಲು ಆಗುವುದಿಲ್ಲ?

ನಮ್ಮ ಮನೆಯವರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಡ್ಯೂಟಿ ಮುಗಿದ ಮೇಲೆ ದಿನಾ ಕುಡಿತ. ಆದರೆ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾರೆ, ಆ 41 ದಿನ ಒಂದು ಹನಿ ಮುಟ್ಟುವುದಿಲ್ಲ. ನಸುಕಿನಲ್ಲೇ ಎದ್ದು ತಣ್ಣೀರು ಸ್ನಾನ, ಪೂಜೆ, ಭಜನೆ, ಮಕ್ಕಳ ಜೊತೆ ಕೂತು ಊಟ. ನನ್ನನ್ನು ಮದುವೆಯಾದ ಮನುಷ್ಯ ಇವರೇ ಅಲ್ವಾ ಅನ್ನಿಸುತ್ತದೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿಯೇ ಮತ್ತೆ ಶುರು. ನಮ್ಮತ್ತೆ ಇದು ರೋಗ ಅನ್ನುತ್ತಾರೆ, ನನಗೆ ಇದು ನಾಟಕ ಅನ್ನಿಸುತ್ತದೆ. ಯಾವುದು ನಿಜ? (ಸೇಡಂ)

ತಂಗಿ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನಾಟಕ ಅಲ್ಲ. ಅವರು 41 ದಿನ ಬಿಟ್ಟಿದ್ದು ಎಷ್ಟು ನಿಜವೋ, ಮಾಲೆ ತೆಗೆದ ರಾತ್ರಿ ತಡೆದುಕೊಳ್ಳಲು ಆಗದೇ ಹೋದದ್ದೂ ಅಷ್ಟೇ ನಿಜ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮುಂದಿನ ಸಲ ಏನು ಮಾಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುವ ನರಕೋಶಗಳಿವೆ. ಡೋಪಮಿನ್ ಅಂದರೆ ಖುಷಿ ಕೊಡುವ ರಸ ಅಂತ ಬಹಳ ಕಡೆ ಬರೆಯುತ್ತಾರೆ, ಅದು ಅರ್ಧ ಮಾತು. ಅದರ ಕೆಲಸ ಹೆಚ್ಚುಕಡಿಮೆ ನಮ್ಮ ಗಂಜಿನ ಅಡತಿ ಅಂಗಡಿಯ ಮುನೀಮನ ಕೆಲಸ. ತೊಗರಿಗೆ ಇಷ್ಟು ರೇಟು ಸಿಗಬಹುದು ಅಂತ ಲೆಕ್ಕ ಹಾಕಿರುತ್ತಾನೆ, ಆಮೇಲೆ ಸಿಕ್ಕಿದ್ದು ಎಷ್ಟು ಅಂತ ನೋಡುತ್ತಾನೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕರೆ ದೊಡ್ಡದಾಗಿ ಬರೆದಿಡುತ್ತಾನೆ. ಅಂದುಕೊಂಡಷ್ಟೇ ಸಿಕ್ಕರೆ ಸುಮ್ಮನಿರುತ್ತಾನೆ. ಕಡಿಮೆ ಸಿಕ್ಕರೆ ಅದನ್ನೂ ಬರೆಯುತ್ತಾನೆ. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಈ ಕೋಶಗಳ ಚಟುವಟಿಕೆಯನ್ನು ಅಳೆದರು. ಇದರ ಲೆಕ್ಕಾಚಾರವನ್ನು ವಿವರಿಸಿದ ಪ್ರಸಿದ್ಧ ಲೇಖನ 1997ರಲ್ಲಿ ಬಂತು. ಮಂಗಕ್ಕೆ ಹಣ್ಣಿನ ರಸ ಕೊಟ್ಟಾಗ ಮೊದಮೊದಲು ರಸ ನಾಲಿಗೆಗೆ ಬಿದ್ದ ಕೂಡಲೇ ಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ದೀಪ ಹತ್ತಿಸುತ್ತಾ ಹೋದರು. ಮಂಗಕ್ಕೆ ಅದು ರೂಢಿಯಾದ ಮೇಲೆ ದೀಪ ಹತ್ತಿದ ತಕ್ಷಣವೇ ಕೋಶಗಳು ಚುರುಕಾಗತೊಡಗಿದವು, ರಸ ಬಂದಾಗ ಏನೂ ಇಲ್ಲ. ದೀಪ ಹತ್ತಿಸಿ ರಸ ಕೊಡದಿದ್ದರೆ, ರಸ ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಅವು ಮಂಕಾದವು.

ಊಟ, ತಿಂಡಿ, ನೀರು ಇವೆಲ್ಲ ರೂಢಿಯಾದ ಮೇಲೆ ಮುನೀಮ ಸುಮ್ಮನಾಗುತ್ತಾನೆ. ಹೆಂಡ, ತಂಬಾಕು ಹಾಗಲ್ಲ. ಅವು ರಾಸಾಯನಿಕವಾಗಿ ನೇರ ಒಳಗೆ ಹೋಗಿ ಡೋಪಮಿನ್ ಏರಿಸುತ್ತವೆ. ಮುನೀಮನಿಗೆ ಲಂಚ ಕೊಟ್ಟ ಹಾಗೆ. ಮನೆ ಮುಳುಗುತ್ತಿದ್ದರೂ ಪ್ರತಿ ಸಲ ಲಾಭ ಅಂತಲೇ ಬರೆಯುತ್ತಾನೆ. ವರ್ಷಗಟ್ಟಲೆ ಹೀಗೆ ಬರೆದರೆ ಸುತ್ತಲಿನ ಎಲ್ಲವೂ ಆ ದೀಪ ಆಗಿಬಿಡುತ್ತದೆ: ಡ್ಯೂಟಿ ಬಿಡುವ ಸೈರನ್, ಗೇಟಿನ ಹೊರಗೆ ನಿಂತ ಗೆಳೆಯನ ಬೈಕು, ಅಂಗಡಿಯ ಬೋರ್ಡು, ಶೇಂಗಾ ಹುರಿಯುವ ವಾಸನೆ, ಪಗಾರ ಜಮೆಯಾದ ಮೆಸೇಜು.

ಈಗ ಮಾಲೆ ಹಾಕಿದ ದಿನ ಏನಾಗುತ್ತದೆ ನೋಡಿ. ಈ ದೀಪಗಳೆಲ್ಲ ಒಂದೇ ಏಟಿಗೆ ಆರುತ್ತವೆ. ಬಟ್ಟೆ ಕಪ್ಪು, ಕಾಲಿಗೆ ಚಪ್ಪಲಿ ಇಲ್ಲ. ನಿನ್ನೆವರೆಗೆ ಹೆಗಲ ಮೇಲೆ ಕೈ ಹಾಕುತ್ತಿದ್ದ ಗೆಳೆಯ ಇವತ್ತು ‘ಸ್ವಾಮಿ’ ಅಂತ ಕೈ ಮುಗಿಯುತ್ತಾನೆ, ಒಂದು ಪೆಗ್ ಹಾಕು ಅಂತ ಕರೆಯುವ ಧೈರ್ಯ ಯಾರಿಗೂ ಇಲ್ಲ. ಕುಡಿಯುವ ಹೊತ್ತಿಗೆ ಸನ್ನಿಧಾನದಲ್ಲಿ ಭಜನೆ. ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ, ಇವತ್ತು ಸಿಗುವುದಿಲ್ಲ ಅಂತ ಅವರ ಮನಸ್ಸಿಗೆ ಖಾತ್ರಿಯಾಗಿರುತ್ತದೆ. ಇಸ್ರೇಲಿನಲ್ಲಿ ಸಿಗರೇಟು ಸೇದುವ ವಿಮಾನ ಸಿಬ್ಬಂದಿಯ ಮೇಲೆ ಒಂದು ಅಧ್ಯಯನ ಮಾಡಿದ್ದರು, 2010ರಲ್ಲಿ ಪ್ರಕಟವಾಯಿತು. ಅದೇ ಜನ, ಒಮ್ಮೆ ಹತ್ತಿರದ ಊರಿನ ವಿಮಾನ, ಒಮ್ಮೆ ದೂರದ್ದು. ಬಹಳ ಹೊತ್ತು ಸೇದದೇ ಇದ್ದಷ್ಟೂ ತಲಬು ಏರಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ವಿಮಾನ ಇಳಿಯುವ ಹೊತ್ತು ಹತ್ತಿರ ಬಂದಂತೆ ತಲಬು ಏರಿತು. ಹತ್ತಿರದ ವಿಮಾನದಲ್ಲಿ ಮೂರ್ನಾಲ್ಕು ಗಂಟೆಗೇ ತಡೆಯಲು ಆಗದವರು ದೂರದ ವಿಮಾನದಲ್ಲಿ ಅಷ್ಟೇ ಹೊತ್ತಿಗೆ ಆರಾಮಾಗಿದ್ದರು. ಮೈಯಲ್ಲಿ ನಿಕೋಟಿನ್ ಎಷ್ಟು ಇಳಿಯಿತು ಅನ್ನುವುದಕ್ಕಿಂತ, ಇನ್ನೇನು ಸಿಗುತ್ತದೆ ಅನ್ನುವ ನಿರೀಕ್ಷೆಯೇ ತಲಬನ್ನು ಎಬ್ಬಿಸಿತು.

ನಿಮ್ಮ ಮನೆಯವರ ವಿಮಾನ ಇಳಿಯುವುದು ಮಾಲೆ ತೆಗೆದ ದಿನ. ದೀಪಗಳೆಲ್ಲ ಒಟ್ಟಿಗೆ ಹತ್ತುತ್ತವೆ. ಅದೇ ಪ್ಯಾಂಟು, ಅದೇ ಬೈಕು, ‘ಮುಗೀತಲ್ಲಪ್ಪ ವ್ರತ, ನಡಿ’ ಅನ್ನುವ ಅದೇ ದನಿ. ನಾಳೆ, ನಾಡಿದ್ದು ಏನಾಗುತ್ತದೆ ಅಂತ ತೂಗಿ ನೋಡುವುದು ಹಣೆಯ ಹಿಂದಿನ ಮಿದುಳಿನ ಕೆಲಸ. ಅಮೆರಿಕದ ನೋರಾ ವೋಲ್ಕೋ ಮತ್ತು ಅವರ ತಂಡ ಸ್ಕ್ಯಾನ್ ಮಾಡಿ ತೋರಿಸಿದ ಹಾಗೆ, ಚಟ ಹತ್ತಿದವರಲ್ಲಿ ಡೋಪಮಿನ್ ಹಿಡಿಯುವ ಡಿ2 ಗ್ರಾಹಕಗಳು ಕಡಿಮೆ ಕಾಣುತ್ತವೆ, ಅವು ಕಡಿಮೆ ಇದ್ದವರಲ್ಲಿ ಈ ಮುಂಭಾಗದ ಚಟುವಟಿಕೆಯೂ ತಗ್ಗಿರುತ್ತದೆ. ಅಂದರೆ ಸೆಳೆತ ಜೋರು, ತಡೆಯುವ ಕೈ ಸೋತಿದೆ, ಮಗಳ ನಗು, ಹಬ್ಬದ ಹೋಳಿಗೆಯಂಥ ಸಣ್ಣ ಖುಷಿಗಳು ಮಿದುಳಿಗೆ ಸಪ್ಪೆ. ಇದು ಸುಧಾರಿಸುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. 41 ದಿನ ಒಳ್ಳೆಯ ಶುರು, ಅಷ್ಟೇ.

ಹಾಗಾಗಿ ನನ್ನ ಮಾತು ಇಷ್ಟು: 42ನೇ ದಿನದ ತೀರ್ಮಾನವನ್ನು 42ನೇ ದಿನಕ್ಕೆ ಬಿಡಬೇಡಿ. ಆ ಸಂಜೆ ಅಂಗಡಿ ಮುಂದೆ ನಿಂತ ಮನುಷ್ಯನಿಗೆ ತೀರ್ಮಾನ ಮಾಡುವ ಶಕ್ತಿ ಇರುವುದಿಲ್ಲ. ಮಾಲೆ ಕೊರಳಲ್ಲಿ ಇರುವಾಗಲೇ, ಅವರ ಬುದ್ಧಿ ತಿಳಿಯಾಗಿರುವಾಗಲೇ, ಇಬ್ಬರೂ ಕೂತು ಮಾತಾಡಿ. ಮಾಲೆ ತೆಗೆದ ದಿನ ಸಂಜೆ ಎಲ್ಲಿರುತ್ತೀರಿ? ನಿಮ್ಮ ತವರಿಗೆ ಹೋಗಬಹುದಾ? ಗುರುಸ್ವಾಮಿಗೆ ಹೇಳಿ, ಮಾಲೆ ಇಲ್ಲದಿದ್ದರೂ ಸಂಜೆ ಭಜನೆಗೆ ಬರಲಿ ಅಂತ ಅವರ ಬಾಯಿಂದಲೇ ಹೇಳಿಸಿ. ಡ್ಯೂಟಿಯಿಂದ ಬರುವ ದಾರಿ ಬದಲಿಸಲಿ. ಎಟಿಎಂ ಕಾರ್ಡು, ಫೋನ್ ಪೇ ಕೆಲವು ತಿಂಗಳು ನಿಮ್ಮ ಹತ್ತಿರ ಇರಲಿ, ಆದರೆ ಅವರೇ ಒಪ್ಪಿ ಕೊಡಬೇಕು. ಮಾಲೆ ತೆಗೆಯುವ ಮೊದಲೇ ಒಮ್ಮೆ ಮನೋವೈದ್ಯರನ್ನು ನೋಡಿ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನುವ ಮಾತ್ರೆಗಳಿವೆ, ಮತ್ತೆ ಕುಡಿತಕ್ಕೆ ಬೀಳುವುದನ್ನು ತಡೆಯಲು ನೆರವಾಗುತ್ತವೆ. ಯಾವುದು ಸರಿ ಅನ್ನುವುದನ್ನು ಲಿವರ್, ಕಿಡ್ನಿ ಪರೀಕ್ಷೆ ನೋಡಿ ವೈದ್ಯರು ಹೇಳುತ್ತಾರೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ಸೇಡಂ ಆಸ್ಪತ್ರೆಯಲ್ಲಿ ಯಾವ ದಿನ ಅಂತ ಕೇಳಿಕೊಂಡು ಹೋಗಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬೆಳಿಗ್ಗೆ ಎದ್ದಾಗ ಕೈ ನಡುಗುವವರು, ಕುಡಿಯದೇ ಇದ್ದರೆ ಬೆವರುವವರು ಮಾಲೆ ಹಾಕಿದ ದಿನ ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಗಾಬರಿ, ಗೊತ್ತುಗುರಿ ತಪ್ಪುವುದು ಶುರುವಾಗಬಹುದು. ಅದನ್ನು ದೇವರು ಮೈಮೇಲೆ ಬಂದಿದ್ದಾನೆ ಅಂತ ಕೂರಿಸಬೇಡಿ. ಜೀವಕ್ಕೆ ಅಪಾಯ, ಆಸ್ಪತ್ರೆಗೆ ಓಡಬೇಕು.

ನಾನು ಆಟೋ ಓಡಿಸುತ್ತೇನೆ, ವಯಸ್ಸು 26. ಪಾನ್ ಮಸಾಲಾ, ತಂಬಾಕು ಎರಡೂ ಕೂಡಿಸಿ ದಿನಕ್ಕೆ 15 ಪಾಕೀಟು ಆಗುತ್ತದೆ. ಮೊದಲು ತಲೆ ಝುಮ್ ಅನ್ನುತ್ತಿತ್ತು, ಈಗ ಏನೂ ಇಲ್ಲ. ಬಾಯಿ ಉರಿ, ಮಿರ್ಚಿ ಭಜಿ ಇರಲಿ, ಖಾರದ ಪಲ್ಯ ಕೂಡ ತಿನ್ನಲು ಆಗುವುದಿಲ್ಲ. ಒಂದು ಚೂರೂ ರುಚಿ ಇಲ್ಲದ ವಸ್ತುವಿಗೆ ಕೈ ತಾನಾಗಿ ಏಕೆ ಹೋಗುತ್ತದೆ? (ಶಹಾಪುರ)

ತಮ್ಮಾ, ಮಿದುಳಿನ ಮಾತು ಆಮೇಲೆ. ಮೊದಲು ಬಾಯಿ. ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆರೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ನೆಟ್ಟಗೆ ಹಲ್ಲುಗಳ ನಡುವೆ ಇಡಲು ಬರುತ್ತದಾ ನೋಡು. ಬರದಿದ್ದರೆ, ಅಥವಾ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ, ಈ ವಾರವೇ ಹಲ್ಲಿನ ವೈದ್ಯರ ಹತ್ತಿರ ಹೋಗು. ಬಂದರೂ ಹೋಗು, ಖಾರಕ್ಕೆ ಬಾಯಿ ಉರಿಯುವುದೇ ಅಡಿಕೆಯಿಂದ ಬರುವ ಬಾಯಿಯ ರೋಗದ ಮೊದಲ ಲಕ್ಷಣ. ಬಾಯಿಯ ಒಳಚರ್ಮ ನಾರುಗಟ್ಟುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ತಂಬಾಕು ಬಿಟ್ಟು ಬರೀ ಪಾನ್ ಮಸಾಲಾ ತಿನ್ನುತ್ತೇನೆ ಅನ್ನುವುದೂ ದಾರಿಯಲ್ಲ. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಆಮೇಲೆ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಜೋಡಿಯಾಗಿ ನೇತಾಡಲು ಶುರುವಾದವು. ನಿನ್ನಂಥ ಹುಡುಗರ ಬಾಯಿಗೆ ಬೀಳುವುದು ಅದೇ ಗುಟ್ಕಾ.

ಈಗ ನಿನ್ನ ಪ್ರಶ್ನೆ. ಬಹಳ ಸರಿಯಾದದ್ದನ್ನೇ ಗಮನಿಸಿದ್ದೀಯ. ಬೇಕು ಅನ್ನಿಸುವುದು ಬೇರೆ, ಹಿತ ಅನ್ನಿಸುವುದು ಬೇರೆ. ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್, ಟೆರಿ ರಾಬಿನ್ಸನ್ ಇದನ್ನು ಇಲಿಗಳಲ್ಲಿ ತೋರಿಸಿದರು. ಡೋಪಮಿನ್ ಇಲ್ಲದಂತೆ ಮಾಡಿದ ಇಲಿ ಎದುರಿಗೆ ಊಟ ಇದ್ದರೂ ಹೋಗಿ ತಿನ್ನುವುದಿಲ್ಲ, ಆದರೆ ಸಕ್ಕರೆ ನೀರನ್ನು ಬಾಯಿಗೆ ಬಿಟ್ಟರೆ ಮೊದಲಿನಂತೆಯೇ ತುಟಿ ಚಪ್ಪರಿಸುತ್ತದೆ. ಹಿತ ಇದೆ, ಬೇಕು ಅನ್ನುವುದು ಹೋಗಿದೆ. ನಿನ್ನಲ್ಲಿ ಆಗಿರುವುದು ಇದರ ಉಲ್ಟಾ. ಹಿತ ಎಂದೋ ಹೋಗಿದೆ, ಬೇಕು ಅನ್ನುವುದು ಮಾತ್ರ ಬೆಳೆಯುತ್ತಾ ಬಂದಿದೆ. ಜೊತೆಗೆ ದಿನಕ್ಕೆ ಹದಿನೈದು ಸಲ, ವರ್ಷಗಟ್ಟಲೆ ಮಾಡಿದ ಕೆಲಸ ಯೋಚನೆಯ ಕೈಬಿಟ್ಟು ರೂಢಿಯ ಕೈಗೆ ಹೋಗಿದೆ. ಗೇರು ಹಾಕುವಾಗ ನೀನು ಯೋಚನೆ ಮಾಡುತ್ತೀಯಾ? ಸವಾರಿ ಇಳಿದರು, ಚಿಲ್ಲರೆ ಕೊಟ್ಟೆ, ಕೈ ಜೇಬಿಗೆ ಹೋಯಿತು. ನಿನಗೆ ಗೊತ್ತಾಗುವಷ್ಟರಲ್ಲಿ ಪಾಕೀಟು ಹಲ್ಲಿನಲ್ಲಿ ಹರಿದಾಗಿರುತ್ತದೆ.

ಆದ್ದರಿಂದ ಜೇಬಿನಲ್ಲಿ, ಆಟೋದಲ್ಲಿ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದೂ ಇರಬಾರದು. ಅಂಗಡಿಗೆ ನಡೆದು ಹೋಗಬೇಕಾಗಿ ಬಂದರೆ ಆ ನಾಲ್ಕು ಹೆಜ್ಜೆಯಲ್ಲಾದರೂ ಯೋಚನೆಗೆ ಜಾಗ ಸಿಗುತ್ತದೆ. ಪಾನ್ ಡಬ್ಬಾ ಮುಂದಿನ ಸ್ಟ್ಯಾಂಡ್ ಬಿಟ್ಟು ಬೇರೆ ಕಡೆ ಆಟೋ ನಿಲ್ಲಿಸು. ತಲಬು ಬಂದಾಗ ಅದು ಹಾಗೇ ಏರುತ್ತಲೇ ಹೋಗುತ್ತದೆ ಅನ್ನಿಸುತ್ತದೆ, ಸಾಮಾನ್ಯವಾಗಿ ಕೆಲವು ನಿಮಿಷಕ್ಕೆ ಇಳಿಯುತ್ತದೆ. ನೀರು ಕುಡಿ, ಸೋಂಪು ಅಗಿ, ಒಂದು ಸವಾರಿ ಹೊಡೆ. ನಿಕೋಟಿನ್ ಗಮ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಿನ್ನ ಬಾಯಿಯ ಸ್ಥಿತಿ ನೋಡಿದರೆ ಅಗಿಯುವುದು ಕಷ್ಟವಾಗಬಹುದು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಗ್ಗೆ ವೈದ್ಯರನ್ನು ಕೇಳು. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ನಂಬರು 1800-11-2356, ಕನ್ನಡದಲ್ಲೇ ಮಾತಾಡಬಹುದು.

ನಾನು ನಿವೃತ್ತ ಶಿಕ್ಷಕ. ಮಗ ಬಿ.ಕಾಂ. ಓದಿದವನು, ಲೆಕ್ಕದಲ್ಲಿ ಬಹಳ ಜಾಣ. ಮೊಬೈಲಿನಲ್ಲಿ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಆಡಿ ಲಕ್ಷಗಟ್ಟಲೆ ಸಾಲ ಮಾಡಿದ್ದಾನೆ. ಎರಡು ಸಲ ನಾನೇ ತೀರಿಸಿದೆ. ಇದರಲ್ಲಿ ಕೊನೆಗೆ ಸೋಲೇ ಅನ್ನುವುದು ಇಷ್ಟು ಓದಿದವನಿಗೆ ತಿಳಿಯುವುದಿಲ್ಲವೇ? ಇದು ಹೆಂಡವಲ್ಲ, ಗಾಂಜಾ ಅಲ್ಲ. ಇದಕ್ಕೂ ಚಿಕಿತ್ಸೆ ಉಂಟೆ? (ಭಾಲ್ಕಿ)

ಮಾಸ್ತರ್ರೇ, ಚಿಕಿತ್ಸೆ ಉಂಟು. ಜೂಜಿನ ಚಟವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಕುಡಿತ, ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು. ಹೊರಗಿನಿಂದ ಯಾವ ವಸ್ತುವೂ ಮೈಗೆ ಹೋಗದಿದ್ದರೂ ಮಿದುಳಿನ ಅದೇ ಜಾಗಗಳು ಅದೇ ರೀತಿ ಕೆಟ್ಟು ಕೂರುತ್ತವೆ.

ತಿಳಿಯುವುದಿಲ್ಲವೇ ಅಂತ ಕೇಳಿದ್ದೀರಿ. ತಿಳಿಯುತ್ತದೆ. ತಿಳಿದದ್ದು ಕೈಗೆ ಬರುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಆಂಟೊಯ್ನ್ ಬೆಕಾರಾ, ಆಂಟೊನಿಯೊ ಡಮಾಸಿಯೊ ಮತ್ತು ಜೊತೆಯವರು 1994ರಲ್ಲಿ ಒಂದು ಎಲೆಯಾಟದ ಪರೀಕ್ಷೆ ಪ್ರಕಟಿಸಿದರು. ಎದುರಿಗೆ ನಾಲ್ಕು ಕಟ್ಟು ಎಲೆ. ಎರಡು ಕಟ್ಟಿನಲ್ಲಿ ಪ್ರತಿ ಎಲೆಗೆ 100 ಡಾಲರ್ ಸಿಗುತ್ತದೆ, ಆದರೆ ಆಗಾಗ ದೊಡ್ಡ ದಂಡ ಬಿದ್ದು ಹತ್ತು ಎಲೆ ಮುಗಿಯುವ ಹೊತ್ತಿಗೆ 250 ಡಾಲರ್ ನಷ್ಟ. ಉಳಿದ ಎರಡರಲ್ಲಿ ಬರೀ 50 ಡಾಲರ್, ದಂಡವೂ ಸಣ್ಣದು, ಹತ್ತು ಎಲೆಗೆ 250 ಡಾಲರ್ ಲಾಭ. ಹಣ ಆಟಿಕೆಯದ್ದು. ಸಾಮಾನ್ಯ ಜನ ಒಂದಷ್ಟು ಎಲೆ ಎತ್ತಿದ ಮೇಲೆ ಮೆಲ್ಲಗೆ ಸಣ್ಣ ಲಾಭದ ಕಟ್ಟಿಗೆ ಬರುತ್ತಾರೆ. ಹಣೆಯ ಹಿಂದಿನ ಮಿದುಳಿನ ಕೆಳಭಾಗಕ್ಕೆ ಪೆಟ್ಟಾದವರು ಬರುವುದೇ ಇಲ್ಲ, 100ರ ಕಟ್ಟನ್ನೇ ಎತ್ತುತ್ತಾ ಹೋಗುತ್ತಾರೆ. ಇವರ ಬುದ್ಧಿಶಕ್ತಿ, ಲೆಕ್ಕ, ನೆನಪು ಎಲ್ಲ ಸರಿ ಇತ್ತು. ಯಾವ ಕಟ್ಟು ಕೆಟ್ಟದ್ದು ಅಂತ ಬಾಯಲ್ಲಿ ಹೇಳಿದವರೂ ಮತ್ತೆ ಅದಕ್ಕೇ ಕೈ ಹಾಕಿದರು. ಮುಂದೆ ಕುಡಿತ, ಮಾದಕ ವಸ್ತು, ಜೂಜಿನ ಚಟ ಇದ್ದವರಿಗೂ ಇದೇ ಪರೀಕ್ಷೆ ಮಾಡಿದಾಗ ಬಹಳ ಜನರಲ್ಲಿ ಇಂಥದ್ದೇ ವರ್ತನೆ ಕಂಡಿತು. ನಿಮ್ಮ ಮಗನ ಬಿ.ಕಾಂ. ಎಲ್ಲಿಗೂ ಹೋಗಿಲ್ಲ. ನಾಳಿನ ನಷ್ಟದ ಭಯ ಇವತ್ತಿನ ಬೆರಳನ್ನು ಹಿಂದಕ್ಕೆ ಎಳೆಯಬೇಕು, ಆ ಎಳೆತವೇ ಸಡಿಲಾಗಿದೆ.

ಇನ್ನು ಆ ಆಟಗಳನ್ನು ಕಟ್ಟುವ ರೀತಿ. ಯಾವಾಗ ಗೆಲ್ಲುತ್ತೇವೆ ಅಂತ ಗೊತ್ತಿಲ್ಲದಿದ್ದಾಗ ಡೋಪಮಿನ್ ಲೆಕ್ಕ ಎಂದೂ ಮುಗಿಯುವುದೇ ಇಲ್ಲ. ಒಂದು ಎಲೆಯಿಂದ, ಒಂದು ರನ್ನಿನಿಂದ ತಪ್ಪಿದ ಸೋಲು ಇನ್ನೂ ಅಪಾಯ. ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ತಂಡ 2009ರಲ್ಲಿ ತೋರಿಸಿದಂತೆ, ಸ್ವಲ್ಪದರಲ್ಲಿ ತಪ್ಪಿದಾಗ ಗೆದ್ದಾಗ ಚುರುಕಾಗುವ ಜಾಗಗಳೇ ಚುರುಕಾಗುತ್ತವೆ, ಇನ್ನೊಂದು ಆಟ ಆಡಬೇಕು ಅನ್ನುವ ಆಸೆ ಏರುತ್ತದೆ. ಸೋತಿದ್ದೇನೆ ಅಂತ ಕಣ್ಣಿಗೆ ಕಾಣುತ್ತಿದ್ದರೂ ಮಿದುಳು ಗೆಲುವು ಹತ್ತಿರ ಬಂತು ಅಂತಲೇ ಓದಿಕೊಳ್ಳುತ್ತದೆ. ಹೋದ ಹಣ ವಾಪಸ್ ತರುತ್ತೇನೆ ಅಂತ ರಾತ್ರಿ ಎರಡು ಗಂಟೆಗೆ ಮತ್ತೆ ಸಾಲದ ಆ್ಯಪ್ ತೆರೆಯುವುದು ಇಲ್ಲಿಂದಲೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾಸು ಮಾಡಿತು, ನನಗೆ ಅದು ಬಹಳ ತಡವಾಗಿ ಬಂದ ಒಳ್ಳೆಯ ಕೆಲಸ ಅನ್ನಿಸಿತು. ಆದರೆ ತಲಬು ಕಾನೂನು ಕೇಳುವುದಿಲ್ಲ, ಕಳ್ಳದಾರಿ ಹುಡುಕುತ್ತದೆ.

ನೀವು ಮಾಡಬೇಕಾದದ್ದು. ಸಾಲವನ್ನು ಇನ್ನೊಮ್ಮೆ ಸದ್ದಿಲ್ಲದೆ ತೀರಿಸಬೇಡಿ, ಅದು ಅವನ ಮಿದುಳಿಗೆ ಇನ್ನೊಂದು ಗೆಲುವು. ಪೂರ್ತಿ ಸಾಲದ ಪಟ್ಟಿ ಅವನ ಕೈಯಲ್ಲೇ ಬರೆಸಿ, ಯಾರಿಗೆ ಎಷ್ಟು ಅಂತ. ಪಗಾರ ಮನೆಯವರ ಖಾತೆಗೆ ಬರುವಂತೆ ಮಾಡಿ, ಅವನ ಫೋನಿನಲ್ಲಿ ಯುಪಿಐ ಬೇಡ, ಸಾಲದ ಆ್ಯಪ್‌ಗಳೂ ಬೇಡ. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ಆಮೇಲೆ, ಮಾಸ್ತರ್ರೇ, ಕಷ್ಟದ ಮಾತು ಒಂದನ್ನು ಹೇಳಲೇಬೇಕು. ಜೂಜಿನ ಸಾಲದಲ್ಲಿ ಬಿದ್ದ ಹುಡುಗರು ಜೀವ ಕಳೆದುಕೊಳ್ಳುವ ಅಪಾಯ ಬಹಳ ಇದೆ. ‘ಸಾಯಬೇಕು ಅನ್ನಿಸುತ್ತದೇನಪ್ಪ’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು 14416, ರಾತ್ರಿ ಹಗಲು ಕನ್ನಡದಲ್ಲಿ ಸಿಗುತ್ತಾರೆ. ಅವನಿಗೆ ಒಂದು ಮಾತು ನಿಮ್ಮ ಬಾಯಿಂದ ಕೇಳಿಸಬೇಕು: ಹಣ ಹೋದರೂ ಸರಿ, ನೀನು ಇರು.

ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ಇದೆಯಂತೆ. ಅದನ್ನು ಹಾಕಿದರೆ ಕುಡಿತ ಬಿಡುತ್ತಾರಂತೆ. ತರಿಸಲಾ? (ಆಳಂದ)

ಬೇಡವೇ ಬೇಡ ಅಕ್ಕಾ. ಇಂಥ ಪುಡಿಯಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಕೆಲವರು ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಹಾಕುತ್ತಾರೆ. ಆ ಮಾತ್ರೆ ತಿಂದ ಮೇಲೆ ಕುಡಿದರೆ ಹೆಂಡ ಮೈಯಲ್ಲಿ ಪೂರ್ತಿ ಕರಗದೆ ಅಸೆಟಾಲ್ಡಿಹೈಡ್ ಅನ್ನುವ ವಿಷವಾಗಿ ಕೂಡಿಕೊಳ್ಳುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿದು ಜೀವ ಹೋಗಬಹುದು. ಅದು ಕೆಲಸ ಮಾಡುವುದು ಕುಡಿದರೆ ಹೀಗಾಗುತ್ತದೆ ಅಂತ ಗೊತ್ತಿದ್ದು, ಒಪ್ಪಿ ತಿಂದವರಿಗೆ. ವೈದ್ಯರು ಪರೀಕ್ಷೆ ಮಾಡಿ ಕೊಡಬೇಕಾದ ಔಷಧ ಅದು. ಗೊತ್ತಿಲ್ಲದೆ ತಿಂದವರಿಗೆ ಅದು ವಿಷ ಹಾಕಿದಂತೆಯೇ. ಗಂಡ ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಮನೋವೈದ್ಯರನ್ನು ಕಂಡು ಬನ್ನಿ, ಮನೆಯವರಿಗೂ ಅಲ್ಲಿ ದಾರಿ ಹೇಳುತ್ತಾರೆ.

‘ಡೋಪಮಿನ್ ಡಿಟಾಕ್ಸ್’ ಮಾಡಿದರೆ ರೀಲ್ಸ್ ಚಟ ಹೋಗುತ್ತದಾ? ಹಾಸ್ಟೆಲಿನಲ್ಲಿ ಎಲ್ಲರೂ ಮಾಡುತ್ತಿದ್ದಾರೆ. (ಕಲಬುರಗಿ)

ಡೋಪಮಿನ್ ಕೊಳೆ ಅಲ್ಲ, ತೊಳೆದು ಹಾಕಲು. ಅದು ಬಹಳ ಕಡಿಮೆಯಾದರೆ ಮೈ ಅಲುಗಾಡಿಸುವುದೇ ಕಷ್ಟ, ಪಾರ್ಕಿನ್ಸನ್ ರೋಗದಲ್ಲಿ ಆಗುವುದು ಅದೇ. ಒಂದು ಭಾನುವಾರ ಫೋನು ಮುಟ್ಟದೆ ಕೂತು ಸೋಮವಾರ ದುಪ್ಪಟ್ಟು ನೋಡಿದರೆ ಏನು ಬಂತು? ಓದುವಾಗ ಫೋನು ಬೇರೆ ರೂಮಿನಲ್ಲಿ ಇಡಿ, ನೋಟಿಫಿಕೇಶನ್ ತೆಗೆಯಿರಿ, ರಾತ್ರಿ ಹಾಸಿಗೆ ಹತ್ತಿರ ಚಾರ್ಜರ್ ಬೇಡ. ಹೆಸರು ದೊಡ್ಡದಿಲ್ಲ, ಆದರೆ ಇದು ನಡೆಯುತ್ತದೆ.

ಅಪ್ಪ ಸೇಂದಿ ಬಿಟ್ಟು ಇರುವುದಿಲ್ಲ. ಅದರಲ್ಲಿ ಸಿ.ಎಚ್. ಪೌಡರ್ ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. ಒಂದು ವಾರ ಕೋಣೆಯಲ್ಲಿ ಕೂಡಿ ಹಾಕಿದರೆ ಬಿಟ್ಟುಬಿಡುತ್ತಾನೆ ಅಂತ ಕಾಕಾ ಹೇಳುತ್ತಾನೆ. (ಗುರುಮಠಕಲ್)

ದಯವಿಟ್ಟು ಕೂಡಿ ಹಾಕಬೇಡಿ. ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, 1869ರಿಂದ ನಿದ್ದೆಗೆ ಕೊಡುತ್ತಿದ್ದ ಹಳೆಯ ಔಷಧ. ದಿನಾ ಹೋಗುತ್ತಿದ್ದರೆ ಮಿದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ನಡೆಯಲು ಕಲಿಯುತ್ತದೆ. ಒಮ್ಮೆಲೇ ನಿಂತರೆ ಮಿದುಳು ಅತಿಯಾಗಿ ಕೆರಳಿ ಫಿಟ್ಸ್, ಭ್ರಮೆ, ಮೈ ಬಿಗಿತ ಬರುತ್ತವೆ. ಸೇಂದಿ ಅಂಗಡಿ ಮುಚ್ಚಿದಾಗ ಜನ ಹುಚ್ಚು ಹಿಡಿದವರಂತೆ ಆಡಿದರು ಅಂತ ಗಡಿ ಆಚೆಯ ತೆಲಂಗಾಣದಿಂದ ಕೇಳಿಬರುವುದು ಇದೇ ಕಾರಣಕ್ಕೆ. ಅಪ್ಪನನ್ನು ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ಕುಡಿಯುತ್ತಾರೆ, ಪೌಡರ್ ಬೆರೆತದ್ದೇ ಅನ್ನುವುದನ್ನು ನಾಚಿಕೆಪಡದೆ ಹೇಳಿ. ಸೇರಿಸಿಕೊಂಡು, ಬೇರೆ ಔಷಧ ಕೊಟ್ಟು, ಅದನ್ನು ಮೆಲ್ಲಗೆ ಇಳಿಸುತ್ತಾರೆ. ಕಾಕಾನಿಗೂ ಇದನ್ನು ಓದಿ ಹೇಳಿ.

ಪುಣೆಯಲ್ಲಿ ಗೌಂಡಿ ಕೆಲಸ ಮಾಡುತ್ತೇನೆ. ಅಲ್ಲಿ ಹೋದ ಮೇಲೆ ಕುಡಿತ ಬಿಟ್ಟೆ, ಎರಡು ವರ್ಷ ಆಯಿತು, ನೆನಪೂ ಆಗುವುದಿಲ್ಲ. ಆದರೆ ಜಾತ್ರೆಗೆ ಅಂತ ಊರಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಬಾಯಲ್ಲಿ ನೀರು, ಕೈ ಬೆವರು. ನಾನು ಬಿಟ್ಟೇ ಇಲ್ಲವಾ ಹಾಗಾದರೆ? (ಸುರಪುರ)

ಬಿಟ್ಟಿದ್ದೀರಿ, ಅಣ್ಣಾ. ಎರಡು ವರ್ಷ ಅಂದರೆ ಸಣ್ಣ ಮಾತಲ್ಲ, ಓದಿ ನನಗೆ ಬಹಳ ಸಂತೋಷವಾಯಿತು. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನಿಕರು ಅಲ್ಲಿ ಹೆರಾಯಿನ್‌ಗೆ ಬಿದ್ದಿದ್ದರು. 1971ರಲ್ಲಿ ಮನೆಗೆ ವಾಪಸಾದವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹುಡುಕಿ ಮಾತಾಡಿಸಿದರು. ಸುಮಾರು ಐವರಲ್ಲಿ ಒಬ್ಬ ಅಲ್ಲಿದ್ದಾಗ ಚಟಕ್ಕೆ ಬಿದ್ದಿದ್ದೆ ಅಂದ. ಎಲ್ಲರೂ ಹೆದರಿದ್ದರು, ಇವರೆಲ್ಲ ಊರಲ್ಲೂ ಇದನ್ನೇ ಮಾಡುತ್ತಾರೆ ಅಂತ. ಆದರೆ ವಾಪಸಾದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದು ಜನ ಮಾತ್ರ. ಜಾಗ, ಜೊತೆ, ದಿನಚರಿ ಎಲ್ಲ ಬದಲಾಗಿತ್ತು.

ನಿಮಗೆ ಅದರ ಮೊದಲರ್ಧ ಪುಣೆಯಲ್ಲಿ ಆಯಿತು. ಆದರೆ ನೀವು ಕುಡಿಯಲು ಕಲಿತ ಜಾಗ ಸುರಪುರ. ಬಿಟ್ಟಾಗ ಮಿದುಳು ಹಳೆಯದನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಇಲ್ಲಿ ಸಿಗುವುದಿಲ್ಲ ಅನ್ನುವ ಹೊಸ ಪಾಠ ಕಲಿಯುತ್ತದೆ. ಆ ಹೊಸ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಳೆಯ ಜಾಗಕ್ಕೆ ಬಂದರೆ ಹಳೆಯದೇ ಎದ್ದು ನಿಲ್ಲುತ್ತದೆ, ಇಲಿಗಳಲ್ಲೂ ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಬಾಯಲ್ಲಿ ನೀರು ಬಂದರೆ ನೀವು ಸೋತಿರಿ ಅಂತಲ್ಲ. ನಿಮ್ಮ ಮೈ ಆ ಬಸ್ ಸ್ಟ್ಯಾಂಡನ್ನು ಗುರುತು ಹಿಡಿಯಿತು, ಅಷ್ಟೇ. ಅಪಾಯ ಇರುವುದು ಮುಂದಿನ ಅರ್ಧ ಗಂಟೆಯಲ್ಲಿ.

ಆ ಅರ್ಧ ಗಂಟೆಯನ್ನು ಪುಣೆಯಲ್ಲಿ ಇರುವಾಗಲೇ ಕಟ್ಟಿಕೊಳ್ಳಿ. ಯಾವ ಬಸ್ಸು, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಅಂತ ಮನೆಗೆ ಹೇಳಿ, ಹೆಂಡತಿಯೋ ತಮ್ಮನೋ ಬಂದು ನಿಂತಿರಲಿ. ಸಂಜೆ ಇಳಿಯುವ ಬಸ್ಸಿಗಿಂತ ಬೆಳಿಗ್ಗೆ ಇಳಿಯುವ ಬಸ್ಸು ಒಳ್ಳೆಯದು, ಅಂಗಡಿಗಳು ತೆರೆದಿರುವುದಿಲ್ಲ. ಹಸಿದುಕೊಂಡು ಇಳಿಯಬೇಡಿ. ಹಳೆಯ ಗೆಳೆಯರು ಕರೆದರೆ ಹೇಳುವ ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ, ‘ಡಾಕ್ಟ್ರು ಲಿವರ್ ಮಾತ್ರೆ ಕೊಟ್ಟಾರ, ಕುಡಿಯಂಗಿಲ್ಲ’ ಅಂದರೆ ಸಾಕು, ವಾದ ಬೇಡ. ಒಂದು ವೇಳೆ ಒಂದು ಗ್ಲಾಸು ಹೋಗಿಬಿಟ್ಟರೂ ಎರಡು ವರ್ಷ ನೀರಿನಲ್ಲಿ ಹೋಯಿತು ಅಂತ ಪೂರ್ತಿ ಬಾಟಲಿಗೆ ಕೂರಬೇಡಿ, ಎದ್ದು ಮನೆಗೆ ಬನ್ನಿ, ಮರುದಿನ 14416ಕ್ಕೆ ಫೋನ್ ಮಾಡಿ. ಜಾತ್ರೆಗೆ ಬರುವುದನ್ನು ಮಾತ್ರ ಬಿಡಬೇಡಿ. ರಥ ಎಳೆಯುವ ಹೊತ್ತಿಗೆ ಮಕ್ಕಳ ಜೊತೆಗಿರಿ, ಊಟ ಮುಗಿಸಿ, ರಾತ್ರಿ ಅವ್ವನ ಮನೆಯಲ್ಲಿ ಮಲಗಿ ಬೆಳಗಿನ ಬಸ್ಸಿಗೆ ಹೊರಡಿ.